ಎಡಗೈ ಊಟಕ್ಕೂ ಇಲ್ಲ, ಆಟಕ್ಕೂ ಇಲ್ಲ

ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಮಂಡ್ಯದ ಕಡೆಯ ಕುಟುಂಬ ಎಂಬುದನ್ನಷ್ಟೇ ಉಳಿಸಿಕೊಂಡಿದ್ದೇನೆ.

ಸಹನಾ ಎಂದು ಕರೆಯೋಣ. ಪ್ರಥಮ ಪಿಯುಸಿ ಓದುತ್ತಿದ್ದ ಹುಡುಗಿ, ಸಂಜೆ ಬ್ಯಾಸ್ಕೆಟ್‌ಬಾಲ್ ತರಬೇತಿಗೆ ಹೋಗುತ್ತಿದ್ದಳು. ತಾಯಿ ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆತಂದು ಕುಳ್ಳಿರಿಸಿ, "ಇವಳಿಗೆ ಸ್ವಲ್ಪ ಧೈರ್ಯ ತುಂಬಿ ಮೇಡಂ, ಆಟಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾಳೆ" ಎಂದರು. ತರಬೇತುದಾರರೂ ಆತ್ಮವಿಶ್ವಾಸದ ಕೊರತೆ ಎಂದೇ ಹೇಳಿದ್ದರಂತೆ.

ಪಂದ್ಯದಲ್ಲಿ ಚೆಂಡು ಕೈಗೆ ಬಂದ ಕ್ಷಣವೇ ಸಹನಾ ಅದನ್ನು ಇನ್ನೊಬ್ಬರಿಗೆ ದಾಟಿಸಿಬಿಡುತ್ತಿದ್ದಳು. "ಕೆಂಡ ಹಿಡಿದ ಹಾಗಾಗುತ್ತದೆ" ಎಂದಳು. ಒಮ್ಮೆ ಎಡಗೈಯಲ್ಲಿ ಡ್ರಿಬಲ್ ಮಾಡಲು, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗಲು, ಹೋಗಿ ಎರಡು ಬಾರಿ ಚೆಂಡು ಕಳೆದುಕೊಂಡಿದ್ದಳು. ಹಿರಿಯ ಆಟಗಾರ್ತಿಯೊಬ್ಬಳು ಎಲ್ಲರೆದುರು, "ಇವಳ ಎಡಗೈ ಊಟಕ್ಕೂ ಇಲ್ಲ, ಆಟಕ್ಕೂ ಇಲ್ಲ" ಎಂದು ನಗೆಯಾಡಿದ್ದಳು. ಮಾತು ಚೆನ್ನಾಗಿಯೇ ಇದೆ, ಅದಕ್ಕೇ ಅಂಟಿಕೊಂಡುಬಿಟ್ಟಿತ್ತು.

ಮೊದಲ ಎರಡು ಭೇಟಿಗಳನ್ನು ನಾನೇ ಹಾಳುಮಾಡಿದೆ. ದೀರ್ಘ ಉಸಿರಾಟ, ತನ್ನೊಡನೆ ಆಡಿಕೊಳ್ಳಬೇಕಾದ ಒಳ್ಳೆಯ ಮಾತು, ಗೆದ್ದ ಕ್ಷಣಗಳ ನೆನಪು: ನಮ್ಮ ಜೋಳಿಗೆಯಲ್ಲಿ ಸದಾ ಇರುವ ಸಾಮಾನುಗಳು. ಅವಳು ವಿಧೇಯಳಾಗಿ ಉಸಿರೆಳೆದು ಬಿಟ್ಟಳು. ಮೂರನೆಯ ಭೇಟಿಯಲ್ಲಿ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಅಭ್ಯಾಸದಲ್ಲಿ ಏನೇನು ಮಾಡಿಸುತ್ತಾರೆ?

ಒಂದು ಗಂಟೆ, ಇಪ್ಪತ್ತೆರಡು ಮಕ್ಕಳು, ಮೂರು ಚೆಂಡು. ಕಾಗದದ ಮೇಲೆ ಲೆಕ್ಕ ಹಾಕಿದೆವು. ಸಮನಾಗಿ ಹಂಚಿದರೂ ಒಬ್ಬರ ಪಾಲಿಗೆ ಬರುವುದು ಎಂಟು ನಿಮಿಷ. ಅದರಲ್ಲಿ ಓಟ, ಮೈ ಸಡಿಲಿಸುವ ವ್ಯಾಯಾಮ ಕಳೆಯಬೇಕು. ಉಳಿದ ಹೊತ್ತೆಲ್ಲ ಐದೈದು ಮಂದಿಯ ಆಟ, ಹೊರಗಿನವರು ನಿಂತು ನೋಡುವುದು. ಬಂದ ಚೆಂಡನ್ನು ತಕ್ಷಣ ದಾಟಿಸುವ ಹುಡುಗಿಯ ಕೈಯಲ್ಲಿ ಅದು ಎಷ್ಟು ಹೊತ್ತು ಇದ್ದೀತು? ಇನ್ನೊಂದು ವಿಷಯವೂ ಹೊರಬಿತ್ತು. ಆ ಮೂರೂ ಗಂಡಸರ ಆಟದ ಏಳನೇ ಅಳತೆಯ ಚೆಂಡುಗಳು. ಹೆಂಗಸರ ಪಂದ್ಯಕ್ಕೆ ನಿಯಮದಲ್ಲಿರುವುದು ಆರನೇ ಅಳತೆ, ಸುತ್ತಳತೆಯಲ್ಲೂ ತೂಕದಲ್ಲೂ ಕಡಿಮೆ. ಪಂದ್ಯಕ್ಕೆ ಒಂದು ಚೆಂಡು, ಅಭ್ಯಾಸಕ್ಕೆ ಇನ್ನೊಂದು!

ಅವಳಿಗೆ ಹೇಳಿದ್ದು ಇಷ್ಟು: "ನಿನ್ನ ಎಡಗೈ ಹೆದರಿಲ್ಲ, ಅದು ಇನ್ನೂ ಕಲಿತೇ ಇಲ್ಲ. ಹೆದರಿದ್ದು ನೀನು. ಕೈ ಕಲಿಯಲಿ, ನಿನ್ನ ವಿಷಯ ಆಮೇಲೆ ನೋಡೋಣ."

ಮನೆಯ ಮುಂದೆ ರಾಗಿ ಒಣಗಿಸುವ ಸಿಮೆಂಟು ಕಣವಿತ್ತು. ಚೆಂಡು ಪುಟಿಯಲು ಅದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ. ಆರನೇ ಅಳತೆಯ ಒಂದು ಚೆಂಡು ಕೊಡಿಸಿ ಎಂದು ತಾಯಿಗೆ ಹೇಳಿದೆ. ದಿನಕ್ಕೆ ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ಎಡಗೈಗೆ. ಚೆಂಡನ್ನು ನೋಡಬಾರದು. ಅವಳ ತಮ್ಮ ಎದುರು ನಿಂತು ಬೆರಳು ತೋರಿಸುತ್ತಿರಬೇಕು, ಇವಳು ಎಷ್ಟೆಂದು ಹೇಳುತ್ತಾ ಪುಟಿಸಬೇಕು. ತಲೆ ಎತ್ತಿ ಆಡುವುದನ್ನು ಕಲಿಸಲು ತರಬೇತುದಾರರು ಬಳಸುವ ಹಳೆಯ ಉಪಾಯವಿದು, ನನ್ನ ಕಂಡುಹಿಡಿತವಲ್ಲ. ಬಳಿಕ ಎಡಗೈ, ಬಲಗೈ, ಗೋಡೆಗೆ ಪಾಸ್, ದಿಕ್ಕು ಬದಲಿಸುವುದು, ಎಲ್ಲವನ್ನೂ ಕಲಸಿ ಮಾಡುವುದು. ಒಂದನ್ನೇ ನೂರು ಸಲ ಮಾಡಿದರೆ ಅಂದು ಚೆನ್ನಾಗಿ ಬಂದಂತೆ ಕಾಣುತ್ತದೆ, ಬೆರೆಸಿ ಮಾಡಿದರೆ ತಪ್ಪುಗಳು ಹೆಚ್ಚು, ಆದರೆ ಕಲಿತದ್ದು ಹೆಚ್ಚು ದಿನ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಿದ್ದೆ, ಇಲ್ಲವಾದರೆ ಮೂರೇ ದಿನದಲ್ಲಿ ಚೆಂಡು ಅಟ್ಟ ಸೇರುತ್ತಿತ್ತು.

ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ, ಅದರ ಗೆರೆಯಲ್ಲಿ ಕೈ ನಡುಗುವ ದೂರೂ ಇತ್ತು. ರಿಂಗಿನ ಹಿಂದಿನ ಹಲಗೆಯಿಂದ 4.6 ಮೀಟರ್ ದೂರ, 3.05 ಮೀಟರ್ ಎತ್ತರದ ರಿಂಗ್, ಐದು ಸೆಕೆಂಡು ಸಮಯ, ಅಡ್ಡ ಬರುವವರು ಯಾರೂ ಇಲ್ಲ. ಅಡ್ಡ ಬರುವವರಿಲ್ಲದ್ದರಿಂದಲೇ ತಲೆಯೊಳಗಿನವರು ಬರುತ್ತಾರೆ. ಮೂರು ಸಲ ಪುಟಿಸು, ಒಮ್ಮೆ ಉಸಿರು ಬಿಡು, ಎಸೆ. ಪ್ರತಿ ಸಲವೂ ಅದೇ ಕ್ರಮ. ಓಡಿ ದಣಿದ ಮೇಲೆಯೇ ಇದನ್ನು ಅಭ್ಯಾಸ ಮಾಡು ಎಂದೆ, ಪಂದ್ಯದಲ್ಲಿ ಆ ಗೆರೆಗೆ ಯಾರೂ ವಿಶ್ರಾಂತಿ ಪಡೆದು ಬರುವುದಿಲ್ಲ.

ತಾಯಿಯ ಒಪ್ಪಿಗೆ ಪಡೆದು ತರಬೇತುದಾರರೊಡನೆ ಫೋನಿನಲ್ಲಿ ಮಾತನಾಡಿದೆ. ಒಳ್ಳೆಯ ಮನುಷ್ಯ, ಸಂಬಳ ಅಷ್ಟಕ್ಕಷ್ಟೆ. "ಒಬ್ಬೊಬ್ಬರೂ ಒಂದೊಂದು ಚೆಂಡು ಹಿಡಿದು ನಿಂತರೆ ನಾನು ತಂಡ ಕಟ್ಟುವುದು ಯಾವಾಗ ಮೇಡಂ?" ಎಂದರು. ಪ್ರಶ್ನೆ ಸರಿಯಾದದ್ದೇ. ಐದೈದು ಮಂದಿಯ ಬದಲು ಅರ್ಧ ಕೋರ್ಟಿನಲ್ಲಿ ಮೂರು ಮೂರು ಮಂದಿಯನ್ನು ಆಡಿಸಿ ನೋಡಿ, ಎರಡೂ ತುದಿಯಲ್ಲಿ ಆಟ ನಡೆಯುತ್ತದೆ, ಹನ್ನೆರಡು ಮಕ್ಕಳು ಒಟ್ಟಿಗೆ ಆಡುತ್ತಾರೆ, ಪ್ರತಿಯೊಬ್ಬರಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ ಎಂದೆ. ಚೆಂಡಿಲ್ಲದವರಿಗೆ ಪಕ್ಕದಲ್ಲಿ ಪಿವಟ್ (ಒಂದು ಪಾದ ಊರಿ ಸುತ್ತ ತಿರುಗುವುದು), ಓಡಿ ಬಂದು ನಿಲ್ಲುವುದು, ರಕ್ಷಣೆಯ ಅಡ್ಡ ಹೆಜ್ಜೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹದಿನೈದು ದಿನದ ಮೇಲೆ ವಾರಕ್ಕೆ ಎರಡು ದಿನ ಹಾಗೆ ಆಡಿಸತೊಡಗಿದರು ಎಂದು ಸಹನಾಳಿಂದಲೇ ತಿಳಿಯಿತು.

ಎರಡು ತಿಂಗಳ ನಂತರ ಬಂದಾಗ, ಒಂದು ಪಂದ್ಯದಲ್ಲಿ ಎಡಗೈಯಲ್ಲಿ ಮತ್ತೆ ಚೆಂಡು ಕಳೆದುಕೊಂಡದ್ದನ್ನು ವಿವರವಾಗಿ ಹೇಳಿದಳು. ಹೆಜ್ಜೆ ಎಲ್ಲಿ ತಪ್ಪಿತು ಎಂಬುದನ್ನು ನನ್ನ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಯಾರು ನಕ್ಕರು ಎಂಬುದು ಆ ಕಥೆಯಲ್ಲಿ ಬರಲೇ ಇಲ್ಲ. ಫ್ರೀ ಥ್ರೋ ಮಾತ್ರ ಇನ್ನೂ ಒಂದು ದಿನ ಬಿದ್ದರೆ ಒಂದು ದಿನ ಇಲ್ಲ.

ತಾಯಿಯದು ಹೊಸ ದೂರು: ಐದೂವರೆಗೆಲ್ಲ ಕಣದಲ್ಲಿ ಢಬ್ ಢಬ್ ಸದ್ದು, ಪಕ್ಕದ ಮನೆಯ ಅಜ್ಜಿಗೆ ನಿದ್ದೆಯಿಲ್ಲ. ಏಳು ಗಂಟೆಯವರೆಗೆ ಚೆಂಡು ಮುಟ್ಟಕೂಡದು ಎಂದು ನನ್ನೆದುರೇ ಒಪ್ಪಂದವಾಯಿತು.