ಒದ್ದೆ ಗದ್ದೆಯಲ್ಲಿ ಬೇಸಿಗೆ ಭತ್ತ ಯಾಕಿಲ್ಲ?

ಗದ್ದೆಯಲ್ಲಿ ನೀರಿದ್ದೂ ಇಲ್ಲಿಯವರು ಬೇಸಿಗೆ ಭತ್ತ ಯಾಕೆ ಬೆಳೆಯುವುದಿಲ್ಲ ಅಂತ ಕೇಳಿದಿರಿ. ಕಾಲುವೆ ನೀರಿನ ಗಂಗಾವತಿಯವರಾದ ನಿಮಗೆ ಹಾಗನ್ನಿಸಿದ್ದು ಸಹಜ. ಕುಮಟಾ ಹತ್ತಿರ ಅಘನಾಶಿನಿ ಹೊಳೆಯ ಮಗ್ಗುಲಲ್ಲಿ ಫೆಬ್ರವರಿಯಲ್ಲೂ ಗದ್ದೆ ಒದ್ದೆ, ಆದರೆ ಪೈರಿಲ್ಲ. ಇವರು ಸೋಮಾರಿಗಳು ಅಂದುಕೊಂಡಿರಾ ಹೇಗೆ?

ಅದು ಗಜನಿ ಭೂಮಿ, ಅಂದರೆ ಸಮುದ್ರದ ಉಪ್ಪುನೀರು ತಾಗುವ ಹೊಳೆಯಂಚಿನ ತಗ್ಗು ಗದ್ದೆ. ಕಾರವಾರ ದಾಟಿ ಗೋವಾಕ್ಕೆ ಹೋದರೂ ಇಂಥದ್ದೇ ಗದ್ದೆಗಳಿವೆ, ಅಲ್ಲಿಯವರು ಖಾಜನ್ ಅನ್ನುತ್ತಾರೆ. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಸಮುದ್ರದ ನೀರು ಹೊಳೆಯೊಳಗೆ ನುಗ್ಗುತ್ತದೆ. ಆ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ತಳ್ಳುವವರು ಯಾರು?

ಮಣ್ಣಿನ ನೀರು ಉಪ್ಪಾದಷ್ಟೂ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಕಾಲು ಹೂತುಹೋಗುವಷ್ಟು ಕೆಸರಿದ್ದರೂ ಗಿಡಕ್ಕೆ ಬಾಯಾರಿಕೆಯೇ. ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ನೀರು ಕುಡಿಯುವುದು ಕಡಿಮೆಯಾಗುತ್ತದೆ, ಬೆಳವಣಿಗೆಯೂ ಅಲ್ಲಿಗೇ ಕುಂಟುತ್ತದೆ. ಮಣ್ಣು ಒಣಗುತ್ತಾ ಹೋದರೆ ಇನ್ನೂ ಕೆಟ್ಟದ್ದು. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ನೀರು ಅರ್ಧಕ್ಕಿಳಿದರೆ ಉಳಿದ ನೀರಿನ ಉಪ್ಪು ಹೆಚ್ಚುಕಡಿಮೆ ಎರಡು ಪಟ್ಟು. ಏಪ್ರಿಲ್‌ನಲ್ಲಿ ಗದ್ದೆ ಅಂಚಿನ ಹೆಂಟೆ ಎತ್ತಿ ನೋಡಿ: ಮೇಲೆ ಬಿಳಿ ಪುಡಿ, ಅಡಿಯಲ್ಲಿ ತಣ್ಣಗಿನ ಕಪ್ಪು ಕೆಸರು. ಕೆಳಗಿನ ತೇವ ಮೇಲೇರುವಾಗ ಉಪ್ಪನ್ನೂ ಹೊತ್ತು ತರುತ್ತದೆ.

ನಿಮ್ಮ ಕಡೆ ಭೂಮಿ ಸವುಳು-ಜವುಳಾಗುವುದು, ಅಂದರೆ ಉಪ್ಪೇರಿ ನೀರು ನಿಲ್ಲುವುದು, ಕಾಲುವೆ ನೀರು ಜಾಸ್ತಿಯಾಗಿ, ಬಸಿಯದೆ ಬಂದದ್ದು. ನಮ್ಮದು ಭರತದ ಜೊತೆ ಬರುವ ಉಪ್ಪು. ಬಸಿಯಬೇಕು ಅನ್ನುವುದು ಮಾತ್ರ ಎರಡೂ ಕಡೆ ಒಂದೇ.

ಅದಕ್ಕೇ ಇಲ್ಲಿ ಜೂನ್ ಮಳೆ ಉಪ್ಪು ತೊಳೆದ ಮೇಲೆಯೇ ಬಿತ್ತನೆ. ಗದ್ದೆಗೂ ಹೊಳೆಗೂ ನಡುವಿನ ಕಟ್ಟೆಯ ಹಲಗೆ ಬಾಗಿಲು ಭರತಕ್ಕೆ ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ಬಿತ್ತುವುದು ಕಗ್ಗ ಭತ್ತ. ಆಳೆತ್ತರ ಬೆಳೆಯುತ್ತದೆ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಹಾಗಂತ ಸುಮ್ನೆ ಬಿಡುವ ಹಾಗಿಲ್ಲ. ಭತ್ತಕ್ಕೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಉಪ್ಪು ತಾಗಿದರೆ ಪೆಟ್ಟು ಹೆಚ್ಚು. ಆ ಹೊತ್ತಿಗೆ ಅಮಾವಾಸ್ಯೆಯ ದೊಡ್ಡ ಭರತಕ್ಕೆ ಕಟ್ಟೆ ಒಡೆದರೆ ಕೈಗೆ ಸಿಗುವುದು ಜೊಳ್ಳು.

ಮಣ್ಣು ಪರೀಕ್ಷೆ ಚೀಟಿಯಲ್ಲಿ ಇ.ಸಿ. (ವಿದ್ಯುತ್ ವಾಹಕತೆ, ಉಪ್ಪು ಎಷ್ಟಿದೆ ಅನ್ನುವ ಅಳತೆ) ಅಂತ ಇರುತ್ತದಲ್ಲ, ಅದು dS/m ಲೆಕ್ಕದಲ್ಲಿ ಸುಮಾರು 3 ದಾಟಿದರೆ ಸಾಮಾನ್ಯ ಭತ್ತದ ಇಳುವರಿ ಇಳಿಯಲು ಶುರು, 7ರ ಹೊತ್ತಿಗೆ ಅರ್ಧ. ಆದರೆ ಇದು ಮಣ್ಣನ್ನು ಪೂರ್ತಿ ನೆನೆಸಿ ಹಿಂಡಿದ ರಸದ ಲೆಕ್ಕ. ಮಣ್ಣಿಗೆ ಎರಡು-ಎರಡೂವರೆ ಪಟ್ಟು ನೀರು ಬೆರೆಸಿ ಅಳೆದರೆ ಅಂಕಿ ಚಿಕ್ಕದಾಗಿ ಕಾಣುತ್ತದೆ. ಹೇಗೆ ಅಳೆದರು ಅಂತ ಕೇಳಿಕೊಳ್ಳಿ.

ಬೇಸಿಗೆಯಲ್ಲಿ ಗಜನಿಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಕೊಯ್ದ ಕಗ್ಗದ ಕೂಳೆ ಕೊಳೆತು ಅವಕ್ಕೇ ಮೇವು. ನನ್ನನ್ನು ಕೇಳಿದರೆ, ಆ ಗದ್ದೆಗೆ ಪಂಪು ಹಚ್ಚಿ ಎರಡನೇ ಭತ್ತ ಮಾಡುವುದಕ್ಕಿಂತ ಇದೇ ವಾಸಿ. ನೆಲದ ಸಿಹಿನೀರನ್ನು ಪಂಪು ಜಾಸ್ತಿ ಎಳೆದರೆ ಆ ಜಾಗಕ್ಕೆ ಉಪ್ಪುನೀರು ನುಗ್ಗಿ ಪಕ್ಕದ ಬಾವಿಯೂ ಉಪ್ಪಾಗಬಹುದು.