ಹಳೇ ಗಾಡಿ ಪ್ರಶ್ನೋತ್ತರ: ಘಾಟಿಯಲ್ಲಿ ಸಿಡಿಯುವ ಪದ್ಮಿನಿ

ಪ್ರಶ್ನೆ: ನಮ್ಮದು 1984ರ ಪ್ರೀಮಿಯರ್ ಪದ್ಮಿನಿ, ಅಪ್ಪ ಕೊಂಡದ್ದು. ಊರೊಳಗೆ ಓಡಿಸಿದರೆ ಏನೂ ತೊಂದರೆಯಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಕೆಲವು ತಿರುವು ಹತ್ತುವಷ್ಟರಲ್ಲಿ ಪಿಕಪ್ ಬಿದ್ದುಹೋಗುತ್ತದೆ, ಬಾನೆಟ್ ಒಳಗಿಂದ ‘ಫಟ್ ಫಟ್’ ಎಂದು ಸಿಡಿಯುತ್ತದೆ. ಬದಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಚೆನ್ನಾಗಿ ಹತ್ತುತ್ತದೆ. ಸ್ವಲ್ಪ ದೂರಕ್ಕೆ ಮತ್ತದೇ ಗೋಳು. ಇಬ್ಬರು ಮೆಕ್ಯಾನಿಕ್‌ಗಳು ಕಾರ್ಬೊರೇಟರ್ ಬಿಚ್ಚಿ ತೊಳೆದಾಯಿತು. ಈಗ ಎಂಜಿನ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲೇ?
– ಓದುಗರು, ಬೆಳ್ತಂಗಡಿ

ಉತ್ತರ: ಬೇಡ. ಸುಟ್ಟ ವಾಲ್ವು, ಸವೆದ ರಿಂಗು ಕಾಲು ಗಂಟೆ ವಿಶ್ರಾಂತಿ ಕೊಟ್ಟರೆ ವಾಸಿಯಾಗುವುದಿಲ್ಲ. ನಿಮ್ಮ ಗಾಡಿ ವಾಸಿಯಾಗುತ್ತಿದೆ. ಅಂದರೆ ಕಾಯಿಲೆ ಎಂಜಿನ್ನಿನ ಹೊಟ್ಟೆಯೊಳಗಿಲ್ಲ, ಹೊರಗಿದೆ.

ಸದ್ದು ಬಾನೆಟ್ ಒಳಗಿಂದ ಎಂದು ಬರೆದಿದ್ದೀರಿ, ಬಹಳ ಉಪಕಾರವಾಯಿತು. ಹೆಚ್ಚಿನವರು ‘ಬ್ಯಾಕ್‌ಫೈರ್’ ಎಂದಷ್ಟೇ ಬರೆಯುತ್ತಾರೆ. ಸೈಲೆನ್ಸರ್‌ನಲ್ಲಿ ಸಿಡಿದರೆ, ಉರಿಯದೆ ಉಳಿದ ಪೆಟ್ರೋಲ್ ಹಿಂದೆ ಹೋಗಿ ಹತ್ತಿಕೊಂಡಿದೆ ಎಂದರ್ಥ. ಆಗ ನಾನು ಮೊದಲು ಕಿಡಿಯ ಕಡೆ ನೋಡುತ್ತೇನೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಬಾಯಲ್ಲಿ ಸಿಡಿದರೆ ಪೆಟ್ರೋಲ್ ಸಾಲುತ್ತಿದೆಯೇ ಎಂದು ನೋಡುತ್ತೇನೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಮಿಶ್ರಣ ನಿಧಾನ ಉರಿಯುತ್ತದೆ. ಎಷ್ಟು ನಿಧಾನವೆಂದರೆ, ಮುಂದಿನ ಸರದಿಗೆ ಇನ್‌ಲೆಟ್ ವಾಲ್ವು ತೆರೆಯುವಾಗಲೂ ಒಳಗೆ ಬೆಂಕಿ ಉಳಿದಿರುತ್ತದೆ. ಅದು ಹೊಸದಾಗಿ ಬರುವ ಮಿಶ್ರಣಕ್ಕೆ ತಗುಲಿ ಹಿಂದಕ್ಕೆ ಉಗುಳುತ್ತದೆ. ಕಿಡಿ ಹಾರುವ ಟೈಮಿಂಗ್ ತಪ್ಪಿದರೂ, ಇನ್‌ಲೆಟ್ ವಾಲ್ವು ಸರಿಯಾಗಿ ಮುಚ್ಚದಿದ್ದರೂ ಹೀಗಾಗಬಹುದು. ಆದರೆ ಹಾಗಿದ್ದರೆ ಊರೊಳಗೂ ಗಾಡಿ ಸತಾಯಿಸಬೇಕಿತ್ತು.

ಅನುಮಾನ ಬಗೆಹರಿಸಲು ನಿಮ್ಮ ಡ್ಯಾಶ್‌ಬೋರ್ಡಿನಲ್ಲೇ ಉಪಕರಣವಿದೆ. ಘಾಟಿಯಲ್ಲಿ ಸಿಡಿಯಲು ಶುರುವಾದಾಗ ಆಕ್ಸಿಲರೇಟರಿನಿಂದ ಕಾಲನ್ನು ಅರ್ಧದಷ್ಟು ಸಡಿಲಿಸಿ, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಅರ್ಧ ಎಳೆಯಿರಿ. ಸೋಲೆಕ್ಸ್ ಕಾರ್ಬೊರೇಟರಿನ ಚೋಕ್, ಕಾಲು ಪೂರ್ತಿ ಒತ್ತಿದಾಗ ಹೆಚ್ಚು ಕೆಲಸ ಮಾಡುವುದಿಲ್ಲ, ಅದಕ್ಕೇ ಸಡಿಲಿಸಿ ಎಂದೆ. ಸಿಡಿತ ನಿಂತು ಗಾಡಿ ಸ್ವಲ್ಪ ಎಳೆದರೆ ಪೆಟ್ರೋಲಿನದೇ ಬರ. ಇನ್ನಷ್ಟು ಮುಗ್ಗರಿಸಿದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕಡೆಗೆ ಹೋಗೋಣ.

ಎಳೆಯಿತು ಎಂದಿಟ್ಟುಕೊಳ್ಳಿ. ಮುಂದಿನ ಸಲ ಸಿಡಿದ ಕೂಡಲೇ ನಿಲ್ಲಿಸಿ, ಕಾಯದೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಗಾಡಿ ತಕ್ಷಣವೇ ಹೊರಟರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಬಾಟಲಿಗೆ ತುಟಿ ಬಿಗಿದು ನೀರು ಹೀರಿದ ಹಾಗೆ ಪಂಪು ಒಣಗಿ ಒದ್ದಾಡುತ್ತದೆ. ಇದಾದರೆ ಖರ್ಚೇ ಇಲ್ಲ.

ನನಗೆ ಹೆಚ್ಚು ಅನುಮಾನ ಟ್ಯಾಂಕಿನ ತಳದ ಮೇಲೆ. ತುಕ್ಕು, ಕೆಸರು ಪಂಪಿನ ಎಳೆತಕ್ಕೆ ಎದ್ದು ಬಂದು ಪೈಪಿನ ಬಾಯಿಯ ಜಾಲರಿಗೆ ಅಂಟುತ್ತದೆ. ಗಾಡಿ ನಿಂತಾಗ ಎಳೆತವಿಲ್ಲ, ಕೆಸರು ಕಳಚಿ ಕೆಳಗೆ ಕೂರುತ್ತದೆ. ಊರೊಳಗೆ ಪೆಟ್ರೋಲ್ ಸ್ವಲ್ಪವೇ ಸಾಕು, ಗೊತ್ತಾಗುವುದಿಲ್ಲ. ಘಾಟಿಯಲ್ಲಿ 1089 ಸಿಸಿ ಎಂಜಿನ್ ಪೂರ್ತಿ ದುಡಿಯುವಾಗ ಬಣ್ಣ ಬಯಲಾಗುತ್ತದೆ. ನೀವು ಹೇಳಿದ ಲಕ್ಷಣಗಳೆಲ್ಲ ಇದಕ್ಕೆ ಒಪ್ಪುತ್ತವೆ. ಎಂಜಿನ್ ತಣ್ಣಗಿರುವಾಗ ಪಂಪಿನ ಹತ್ತಿರ ಪೈಪು ಕಳಚಿ, ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಸೈಕಲ್ ಪಂಪಿನಿಂದ ಹಿಂದಕ್ಕೆ ಗಾಳಿ ಊದಿ. ಆಮೇಲೆ ಕೆಲವು ದಿನ ಗಾಡಿ ಚೆನ್ನಾಗಿ ಹತ್ತಿದರೆ ಟ್ಯಾಂಕ್ ಇಳಿಸಿ ತೊಳೆಸಲೇಬೇಕು. ಪಂಪಿನ ಡಯಾಫ್ರಾಮ್, ರಬ್ಬರ್ ಪೈಪುಗಳನ್ನೂ ಆಗಲೇ ಬದಲಿಸಿ. ಬಿರುಕು ಬಿಟ್ಟ ಪೈಪು ಪೆಟ್ರೋಲ್ ಸೋರದೆಯೇ ಗಾಳಿ ಎಳೆಯಬಲ್ಲದು.

ಕಾರ್ಬೊರೇಟರನ್ನು ಎಷ್ಟು ಸಲ ತೊಳೆದರೂ ಸರಿಯಾಗದ ಇನ್ನೊಂದು ವಿಷಯವಿದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. ಒಂದು ಕೆಜಿ ಬರಿಯ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥೆನಾಲ್‌ಗೆ 9 ಕೆಜಿ ಸಾಕು. ಈ ಮಿಶ್ರಣಕ್ಕೆ ಅದು ಹದಿಮೂರೂವರೆಯ ಆಸುಪಾಸಿಗೆ ಇಳಿಯುತ್ತದೆ. ಹೊಸ ಕಾರಿನ ಕಂಪ್ಯೂಟರ್ ಇದನ್ನು ಸರಿದೂಗಿಸಿಕೊಳ್ಳುತ್ತದೆ. ನಿಮ್ಮ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬರೀ ಹಿತ್ತಾಳೆಯ ತೂತು, ಅದು 1984ರ ಪೆಟ್ರೋಲಿಗೇ ಅಳೆದು ಕೊಡುತ್ತದೆ. ಮೊದಲೇ ತುಸು ಬಡವಾದ ಮಿಶ್ರಣ ಇನ್ನೂ ಬಡವಾಗುತ್ತದೆ. ಟ್ಯಾಂಕು, ಪೈಪು, ಪಂಪು ಎಲ್ಲ ಸರಿಯಾದ ಮೇಲೂ ಏರಿನಲ್ಲಿ ಸಣ್ಣಗೆ ಉಗುಳಿದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ, ಪ್ಲಗ್ ಬಣ್ಣ ನೋಡಿ. ತಿಳಿ ಕಂದು ಇರಬೇಕು, ಸುಣ್ಣದ ಬಿಳುಪಲ್ಲ. ಎಥೆನಾಲ್ ನೀರನ್ನೂ ಹೀರುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಚೋಕ್ ಎಳೆದಾಗ ಏನೂ ಸುಧಾರಿಸಲಿಲ್ಲವೇ? ಆಗ ಮೊದಲು ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಬದಲಿಸಿ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸುಮ್ಮನಾಗುವುದು ಅದರ ಹುಟ್ಟುಗುಣ. ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್ ಸುಟ್ಟು ನೀಲಿಯಾಗಿದ್ದರೆ ಅದೇ ಸಾಕ್ಷಿ. ಕಾಯಿಲ್ ಕೂಡ ಹೀಗೆ ಆಡುತ್ತದೆ, ಆದರೆ ಕಂಡೆನ್ಸರ್ ಅಗ್ಗ, ಅಲ್ಲಿಂದಲೇ ಶುರುಮಾಡಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ದಾರಿಯಲ್ಲಿ ನಿಂತ ಗಾಡಿಯ ಕಾರ್ಬೊರೇಟರ್ ಬಾಯಿಗೆ ಮುಚ್ಚಳದಲ್ಲಿ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಿಸುವವರಿದ್ದಾರೆ. ನಿಮ್ಮ ಗಾಡಿ ಅದೇ ಬಾಯಿಂದ ಬೆಂಕಿ ಉಗುಳುತ್ತಿದೆ. ಮುಖ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಯಾರು ಹೇಳಿದರೂ ಹಾಗೆ ಸುರಿಯಲು ಬಿಡಬೇಡಿ. ಗಾಡಿಯಲ್ಲಿ ಒಂದು ಸಣ್ಣ ಅಗ್ನಿಶಾಮಕ ಇರಲಿ.

ಪ್ರಶ್ನೆ: ಅಂಬಾಸಿಡರ್ ಕಾರು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ‘ಢಂ’ ಎನ್ನುತ್ತದೆ. ಎಳೆತಕ್ಕೇನೂ ಕೊರತೆಯಿಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ಎಳೆತ ಚೆನ್ನಾಗಿದ್ದರೆ ಎಕ್ಸಾಸ್ಟ್ ಜಾಯಿಂಟ್ ಎಲ್ಲೋ ಬಿಟ್ಟಿರುವ ಸಂಭವ ಹೆಚ್ಚು. ಅಲ್ಲಿಂದ ಒಳಹೋದ ಗಾಳಿ, ಉಳಿದ ಪೆಟ್ರೋಲ್ ಆವಿ ಉರಿಯಲು ನೆರವಾಗುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒಂದೆರಡು ಕ್ಷಣ ಒತ್ತಿಸಿ, ಮ್ಯಾನಿಫೋಲ್ಡ್ ಹತ್ತಿರ ಕಿವಿಗೊಡಿ. ಬುಸ್ ಎನ್ನುವ ಕಡೆ ಗ್ಯಾಸ್ಕೆಟ್ ಹೋಗಿದೆ. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರಿನಲ್ಲಿದ್ದಾಗಲೇ ಕೀ ಆಫ್ ಮಾಡಿ ಮತ್ತೆ ಆನ್ ಮಾಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಸೈಲೆನ್ಸರ್ ತುಂಬ ಉರಿಯದ ಪೆಟ್ರೋಲ್ ಸೇರಿ, ಕಿಡಿ ಬಂದ ಕೂಡಲೇ ಸೀಳಿಹೋಗುತ್ತದೆ.

ಪ್ರಶ್ನೆ: ಹೊಸ ಪಾಯಿಂಟ್, ಪ್ಲಗ್ ವೈರ್ ಹಾಕಿಸಿದ ದಿನದಿಂದ ನನ್ನ ಫಿಯೆಟ್ ಸ್ಟಾರ್ಟ್ ಆಗುವಾಗ ಒದೆಯುತ್ತದೆ, ಸಿಡಿಯುತ್ತದೆ, ಎಳೆಯುವುದಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಯಾವ ಕಡೆ ತಿರುಗುತ್ತದೆಂದು ಕಣ್ಣಾರೆ ನೋಡಿ, ಅದೇ ದಿಕ್ಕಿನಲ್ಲಿ ಸಿಲಿಂಡರ್‌ಗಳ 1-3-4-2 ಕ್ರಮದಲ್ಲಿ ವೈರುಗಳಿವೆಯೇ ಎಣಿಸಿ. ಎರಡು ಅದಲುಬದಲಾಗಿದ್ದರೆ ಸರಿಮಾಡಿ, ತೊಂದರೆ ಅಲ್ಲಿಗೇ ಮುಗಿಯಿತು. ಸರಿಯಿದ್ದರೆ ಫೀಲರ್ ಗೇಜ್ ಹಾಕಿ ಪಾಯಿಂಟ್ ಗ್ಯಾಪ್ ನೋಡಿ. 0.4ರಿಂದ 0.5 ಮಿ.ಮೀ. ಇರಲಿ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದಕ್ಕೆ ಹೋಗಿ ಎಂಜಿನ್ ಒದೆಯುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಟೈಮಿಂಗ್ ಕೂರಿಸಿದ ಮೇಲೆ ಗ್ಯಾಪ್ ಮುಟ್ಟಲು ಯಾರಿಗೂ ಬಿಡಬೇಡಿ.