ಜೆಡೈ ಆದ ತಂಗಿಯ ಮಗ, ಹದಿನಾರು ಶುಕ್ರವಾರದ ಅಕ್ಕ

ಹುಮನಾಬಾದಿನ ಓದುಗರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಎರಡು ಪುಟ ತುಂಬ ಬರೆದಿದ್ದಾರೆ. ಸಾರ ಇಷ್ಟು: ಅವರ ತಂಗಿಯ ಮಗ ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು ‘ನಂದು ಜೆಡೈ ಧರ್ಮ, ಜನಗಣತಿಯವರು ಬಂದ್ರ ಹಂಗೇ ಬರೆಸ್ತೀನಿ’ ಅಂದ. ಅದು ಇಂಗ್ಲಿಷ್ ಸಿನಿಮಾದ್ದೆಂದು ಆಮೇಲೆ ತಿಳಿಯಿತು. ‘ನಾನು ಹದಿನಾರು ಶುಕ್ರವಾರ ಸಂತೋಷಿ ಮಾತಾ ವ್ರತ ಹಿಡಿದು ಮುಗಿಸಿದವಳು. ಸಿನಿಮಾ ನೋಡಿ ಯಾರಾದರೂ ಧರ್ಮ ಕಟ್ಟುತ್ತಾರೇನು? ಹಾಗೆ ಬರೆಸಿದರೆ ಸರ್ಕಾರ ಒಪ್ಪುತ್ತದೆಯೇ? ನಾಳೆ ವೀರಭದ್ರೇಶ್ವರ ಜಾತ್ರೆಗೂ ಬರಲ್ಲ ಅಂದರೆ ಏನು ಮಾಡುವುದು?’

ಅಕ್ಕಾವರೆ, ಶರಣು.

ಕಟ್ಟುತ್ತಾರೆ. ಆದರೆ ಕಟ್ಟುವವರು ಕಡಿಮೆ, ಬರೆಸುವವರು ಜಾಸ್ತಿ. ಇವೆರಡನ್ನು ಬೇರೆ ಮಾಡದೆ ನಿಮ್ಮ ಹುಡುಗನ ಮಾತನ್ನು ತೂಗಲು ಬರುವುದಿಲ್ಲ.

‘ಸ್ಟಾರ್ ವಾರ್ಸ್’ 1977ರ ಸಿನಿಮಾ. ಅದರಲ್ಲಿ ಜೆಡೈ ಎಂದರೆ ಅರ್ಧ ಸನ್ಯಾಸಿ, ಅರ್ಧ ಯೋಧ. ಎಲ್ಲವನ್ನೂ ವ್ಯಾಪಿಸಿರುವ ‘ಫೋರ್ಸ್’ ಎಂಬ ಶಕ್ತಿಯನ್ನು ನಂಬಿದವನು. 2001ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿ ನಮೂನೆಗೆ ಧರ್ಮದ ಪ್ರಶ್ನೆ ಮೊದಲ ಸಲ ಸೇರಿತು, ಅದೂ ಐಚ್ಛಿಕವಾಗಿ. ಇಷ್ಟು ಜನ ‘ಜೆಡೈ’ ಎಂದು ಬರೆದರೆ ಸರ್ಕಾರ ಅದನ್ನು ಧರ್ಮವೆಂದು ಒಪ್ಪಲೇಬೇಕು ಎಂಬ ಈಮೇಲ್ ಊರೂರು ಸುತ್ತಿತು. ಅಂಥ ನಿಯಮ ಇರಲೇ ಇಲ್ಲ. ಆದರೂ ಸುಮಾರು 3,90,000 ಜನ ಬರೆದರು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ 70,000ಕ್ಕೂ, ನ್ಯೂಜಿಲೆಂಡಿನಲ್ಲಿ 53,000ಕ್ಕೂ ಹೆಚ್ಚು. ಲಂಡನ್ನಿನ ಅಂಕಿಅಂಶ ಕಚೇರಿ ಈ ಉತ್ತರಕ್ಕೆ ಒಂದು ಕೋಡ್ ಸಂಖ್ಯೆ ಕೊಟ್ಟಿದ್ದು ನಿಜ. ಅದು ಎಣಿಕೆಯ ಅನುಕೂಲಕ್ಕೆ. ಪಟ್ಟಿಯಲ್ಲಿ ಅಷ್ಟೂ ಜನರನ್ನು ‘ಧರ್ಮವಿಲ್ಲ’ ಎಂಬ ಸಾಲಿಗೆ ಹಾಕಿದರು. ಹತ್ತು ವರ್ಷದಲ್ಲಿ ಸಂಖ್ಯೆ ಅರ್ಧಕ್ಕಿಂತ ಕೆಳಗೆ, ಸುಮಾರು 1,76,000ಕ್ಕೆ ಇಳಿಯಿತು. 2021ರಲ್ಲಿ ಎರಡು ಸಾವಿರವೂ ಇಲ್ಲ. ತಮಾಷೆ ಹಳಸಿದರೆ ಹೀಗೇ ಆಗುತ್ತದೆ.

ಆದರೆ ತಮಾಷೆ ಮಾಡದವರೂ ಇದ್ದಾರೆ. ‘ಟೆಂಪಲ್ ಆಫ್ ದಿ ಜೆಡೈ ಆರ್ಡರ್’ ಎಂಬ ಸಂಸ್ಥೆ 2005ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನೋಂದಣಿಯಾಯಿತು. ಅವರಿಗೆ 16 ಬೋಧನೆಗಳು, 21 ಸೂತ್ರಗಳಿವೆ. ಬೆಳಕಿನ ಕತ್ತಿ ಬೀಸುವುದು ಅಲ್ಲಿ ಸಾಧನೆಯಲ್ಲ; ಧ್ಯಾನ, ಅಧ್ಯಯನ, ದಿನಚರಿ ಬರೆಯುವುದು ಸಾಧನೆ. ಸರಕಿನಲ್ಲಿ ಬಹುಪಾಲು ಚೀನಾದ ತಾವೋ, ಜಪಾನಿನ ಝೆನ್ ಮೊದಲಾದ ಪಂಥಗಳಿಂದ ಬಂದದ್ದು, ಸಿನಿಮಾದಿಂದ ಬಂದದ್ದು ಹೆಸರು ಮತ್ತು ಮಾತಿನ ಧಾಟಿ. ಸಿನಿಮಾದ ಯುದ್ಧ ನಿಜವಾಗಿ ನಡೆಯಿತೆಂದು ಅವರೂ ಹೇಳುವುದಿಲ್ಲ. ಈ ಸಂಸ್ಥೆ ಬ್ರಿಟನ್ನಿನಲ್ಲಿ ಧರ್ಮದತ್ತಿಯ ಸ್ಥಾನ ಕೇಳಿದಾಗ 2016ರ ಡಿಸೆಂಬರಿನಲ್ಲಿ ಅಲ್ಲಿನ ಚಾರಿಟಿ ಕಮಿಷನ್ ಕೊಡಲಿಲ್ಲ. ಕಮಿಷನ್ ನೋಡಿದ್ದು ಕಥೆ ಸುಳ್ಳೋ ನಿಜವೋ ಎಂದಲ್ಲ. ಇದನ್ನು ಬರೀ ಜೀವನಶೈಲಿಯಾಗಿಯೂ ಪಾಲಿಸಬಹುದು, ನಂಬಿಕೆಗೆ ಒಂದು ಗಟ್ಟಿ ಚೌಕಟ್ಟಿಲ್ಲ, ಒಬ್ಬೊಬ್ಬರದು ಒಂದೊಂದು ಎಂಬುದೇ ತಕರಾರು. ಇಂಥ ಪಂಥಗಳು ಒಡೆಯುವುದೂ ಇಲ್ಲೇ. ವ್ಯಾಜ್ಯ ಬಂದಾಗ ತೀರ್ಪು ಕೊಡಲು ಪೀಠವಿಲ್ಲ. ಕಥೆ ಬರೆದವನು ತನ್ನದು ಕಥೆ ಎಂದೇ ಹೇಳುತ್ತಾನೆ.

ಸಿನಿಮಾಕ್ಕಿಂತ ಮೊದಲೇ ಕಾದಂಬರಿಯಿಂದ ಹುಟ್ಟಿದ್ದೂ ಇದೆ. ರಾಬರ್ಟ್ ಹೈನ್‌ಲೈನ್ ಎಂಬ ಲೇಖಕರ 1961ರ ಕಾದಂಬರಿಯಲ್ಲಿ ಮಂಗಳ ಗ್ರಹದಲ್ಲಿ ಬೆಳೆದ ಮನುಷ್ಯನೊಬ್ಬ ಬರುತ್ತಾನೆ. ಒಂದೇ ಪಾತ್ರೆಯ ನೀರು ಹಂಚಿಕೊಂಡು ಕುಡಿದವರು ಅಲ್ಲಿ ಬಂಧುಗಳಾಗುತ್ತಾರೆ. ಮರುವರ್ಷವೇ ಅಮೆರಿಕದ ಮಿಸೌರಿಯ ಇಬ್ಬರು ಕಾಲೇಜು ಹುಡುಗರು ಹಾಗೆಯೇ ನೀರು ಹಂಚಿಕೊಂಡರು. 1968ರಲ್ಲಿ ಅದು ‘ಚರ್ಚ್ ಆಫ್ ಆಲ್ ವರ್ಲ್ಡ್ಸ್’ ಎಂದು ನೋಂದಣಿಯಾಯಿತು. ಮುಂದೆ ಭೂಮಿಪೂಜೆ, ಪ್ರಕೃತಿಪೂಜೆಯ ಕಡೆ ವಾಲಿದರೂ ನೀರು ಹಂಚುವ ವಿಧಿಯನ್ನು ಬಿಡಲಿಲ್ಲ.

ಇಂಥವನ್ನು ಅಭ್ಯಾಸ ಮಾಡಿದ ಮಾರ್ಕಸ್ ಡೇವಿಡ್‌ಸೆನ್ ಎಂಬ ವಿದ್ವಾಂಸರು ಒಂದು ಗೆರೆ ಎಳೆಯುತ್ತಾರೆ. ಬರೆದವನೂ ಓದುವವರೂ ಇದು ಕಟ್ಟುಕಥೆ ಎಂದು ಒಪ್ಪಿಯೇ ಹೊರಬಂದ ಕೃತಿಯ ಮೇಲೆ ನಂಬಿಕೆ ಕಟ್ಟಿದರೆ ಅದು ಒಂದು ಬಗೆ. ನಡೆದದ್ದೆಂದು ನಂಬಿಯೇ ಹೇಳಿಕೊಂಡು ಬಂದ ಕಥೆ ಬೇರೆ ಬಗೆ. ಆ ಲೆಕ್ಕದಲ್ಲಿ ನಮ್ಮ ಪುರಾಣ ಎರಡನೆಯದು. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಬಂದೇ ನವಾಜರ ಪವಾಡದ ಕಥೆಗಳೂ ಎರಡನೆಯವೇ: ಬಾಳಿದ ಮನುಷ್ಯರೊಬ್ಬರಿದ್ದರು, ದರ್ಗಾ ಇದೆ, ಕಥೆ ಸುತ್ತಲೂ ಬೆಳೆಯಿತು.

ಈಗ ನಿಮ್ಮ ಶುಕ್ರವಾರಕ್ಕೆ ಬರೋಣ, ಬೇಸರ ಮಾಡಿಕೊಳ್ಳಬೇಡಿ. ಸಂತೋಷಿ ಮಾತೆಯ ವ್ರತ 1975ರ ಹಿಂದಿ ಸಿನಿಮಾಕ್ಕಿಂತ ಹಿಂದಿನದು. ಉತ್ತರದ ಕಡೆ ಸಣ್ಣ ವ್ರತಕಥೆ ಪುಸ್ತಕಗಳಲ್ಲಿ ಹರಿದಾಡುತ್ತಿತ್ತು. ಆದರೆ ದೇಶದ ಮೂಲೆ ಮೂಲೆಗೆ ಮುಟ್ಟಿಸಿದ್ದು ‘ಜೈ ಸಂತೋಷಿ ಮಾ’. ಜನ ಚಪ್ಪಲಿ ಹೊರಗೆ ಬಿಟ್ಟು ಟಾಕೀಸಿನೊಳಗೆ ಹೋಗುತ್ತಿದ್ದರು, ಪರದೆಗೆ ಹೂವು, ಚಿಲ್ಲರೆ ಎಸೆಯುತ್ತಿದ್ದರು. ಆಕೆ ಗಣಪತಿಯ ಮಗಳು ಎಂಬ ಜನ್ಮಕಥೆ ಪುರಾಣದಲ್ಲಿಲ್ಲ, ಮನೆಮನೆಗೆ ತಲುಪಿಸಿದ್ದು ಸಿನಿಮಾವೇ.

ಆದರೂ ನಿಮ್ಮ ವ್ರತವನ್ನು ಸಿನಿಮಾ ಧರ್ಮ ಎನ್ನಲು ನಾವು ಒಪ್ಪುವುದಿಲ್ಲ. ಯಾಕೆಂದರೆ ಅದಕ್ಕೆ ಕೈಕೆಲಸವಿದೆ. ಕಲಶದಲ್ಲಿ ನೀರು, ಅದರ ಮೇಲೆ ಬೆಲ್ಲ-ಕಡಲೆಯ ಬಟ್ಟಲು. ಕಥೆ ಕೇಳುವಾಗ ಕೈಯಲ್ಲೂ ಒಂದಿಷ್ಟು ಬೆಲ್ಲ-ಕಡಲೆ. ಕಥೆ ಮುಗಿದ ಮೇಲೆ ಕೈಯಲ್ಲಿದ್ದದ್ದು ಆಕಳಿಗೆ, ಬಟ್ಟಲಿನದು ಪ್ರಸಾದ, ಕಲಶದ ನೀರು ಮನೆಯೆಲ್ಲ ಚಿಮುಕಿಸಿ ಉಳಿದದ್ದು ತುಳಸಿಗೆ. ಆ ದಿನ ಹುಳಿ ಮುಟ್ಟುವಂತಿಲ್ಲ. ಪುಂಡಿಪಲ್ಯ ಇಲ್ಲದೆ ರೊಟ್ಟಿ ಇಳಿಯದ ನಮ್ಮ ಸೀಮೆಯಲ್ಲಿ ಇದು ಸಣ್ಣ ನೇಮವಲ್ಲ. ಉದ್ಯಾಪನೆಗೆ ಎಂಟು ಹುಡುಗರಿಗೆ ಊಟ ಹಾಕಿದರೂ ಕೈಗೆ ಕಾಸು ಕೊಡಬಾರದು. ಕಥೆಯಲ್ಲಿ ವ್ರತ ಕೆಟ್ಟದ್ದೇ ಮಕ್ಕಳು ಆ ಕಾಸಿನಿಂದ ಹುಳಿ ಕೊಂಡು ತಿಂದದ್ದರಿಂದ. ವಾರ ವಾರ ಮಾಡಿ ಮುಗಿಸುವ ಈ ನೇಮವೇ ವ್ರತವನ್ನು ಉಳಿಸಿತು, ಸಿನಿಮಾ ಟಾಕೀಸಿನಿಂದ ಇಳಿದ ಮೇಲೂ. ಹುಡುಗನನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಿ. ‘ಯಾಕೆ ಸಿನಿಮಾ ನಂಬ್ತಿ’ ಎಂದು ಕೇಳಿದರೆ ಜಗಳವಾಗುತ್ತದೆ. ‘ದಿನಾ ಏನು ಮಾಡ್ತಿ, ಯಾವಾಗ, ಯಾರು ಹೇಳಿಕೊಟ್ಟರು’ ಎಂದು ಕೇಳಿ. ಉತ್ತರ ಬರೀ ಟೀ ಶರ್ಟು, ಪೋಸ್ಟರು ಆದರೆ ಅವನು ಅಭಿಮಾನಿ. ಬೆಳಿಗ್ಗೆ ಅರ್ಧ ತಾಸು ಸುಮ್ಮನೆ ಕೂಡುತ್ತೇನೆ ಅಂದರೆ ಕೂಡಲಿ ಬಿಡಿ. ಕಿವಿ ನೆಟ್ಟಗಾಗಬೇಕಾದ್ದು ದುಡ್ಡಿನ ಮಾತು ಬಂದಾಗ: ಪದವಿ, ಬಿರುದು, ದೀಕ್ಷೆಗೆ ಫೀಸು, ಮನೆಯವರಿಗೆ ಹೇಳಬೇಡ ಎನ್ನುವ ‘ಗುರು’, ನಿದ್ದೆ, ಪರೀಕ್ಷೆ ಬಿಟ್ಟು ರಾತ್ರಿಯೆಲ್ಲ ಚಾಟ್. ಆಗ ಫೋನ್ ಕಸಿಯುವ ಮೊದಲು ಖಾತೆಯಿಂದ ಎಷ್ಟು ಹೋಗಿದೆ ನೋಡಿ.

ಇನ್ನು ಜನಗಣತಿ. ಮನೆಪಟ್ಟಿಯ ಹಂತದಲ್ಲಿ ಧರ್ಮ ಕೇಳುವುದಿಲ್ಲ, ಜನರ ಎಣಿಕೆಯ ಹಂತದಲ್ಲಿ ಕೇಳುತ್ತಾರೆ. 2011ರ ಪದ್ಧತಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಈ ಆರಕ್ಕೆ ಕೋಡ್ ಇತ್ತು; ಬೇರೆ ಏನು ಹೇಳಿದರೂ ಗಣತಿದಾರರು ಪೂರ್ತಿ ಹೆಸರು ಬರೆದುಕೊಳ್ಳಬೇಕಿತ್ತು. ಹಾಗೆ ‘ಇತರ’ ಸಾಲಿಗೆ ಸೇರಿದವರು 79 ಲಕ್ಷ, ಅವರಲ್ಲಿ ಸುಮಾರು 49 ಲಕ್ಷ ಜನ ಬರೆಸಿದ್ದು ‘ಸರ್ನಾ’ ಎಂಬ ಆದಿವಾಸಿ ಧರ್ಮ. ಅಷ್ಟು ಜನ ಬರೆಸಿದರೂ ಅವರಿಗೆ ಪ್ರತ್ಯೇಕ ಕೋಡ್ ಸಿಕ್ಕಿಲ್ಲ. ಹಾಸ್ಟೆಲಿನ ನಾಲ್ಕು ಹುಡುಗರಿಗೆ ಸಿಗುತ್ತದೆಯೇ? ಮೇಲಾಗಿ 1948ರ ಜನಗಣತಿ ಕಾಯ್ದೆ ಪ್ರಕಾರ ತಿಳಿದಷ್ಟು, ನಂಬಿದಷ್ಟು ನಿಜ ಹೇಳುವುದು ಕಡ್ಡಾಯ. ನಂಬಿದ್ದರೆ ಬರೆಸಲಿ, ತಮಾಷೆಗಾದರೆ ಬೇಡ.

ನಮಗೆ ನಿಜವಾದ ಚಿಂತೆ ಬೇರೆ ಕಾಗದದ್ದು. ಗಣತಿಯ ಉತ್ತರ ಗೋಪ್ಯ, ಯಾವ ಪ್ರಮಾಣಪತ್ರಕ್ಕೂ ಬರುವುದಿಲ್ಲ. ಕಾಲೇಜಿನ ದಾಖಲೆ, ವಿದ್ಯಾರ್ಥಿವೇತನದ ಅರ್ಜಿ ಹಾಗಲ್ಲ. ಅಲ್ಲಿ ಒಂದು ಧರ್ಮ, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಅರ್ಜಿ ಪರಿಶೀಲನೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಪರಿಶಿಷ್ಟ ಜಾತಿಯ ಹುಡುಗರಿಗಂತೂ 1950ರ ಆದೇಶದಂತೆ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮ ಎಂದರೆ ಮೀಸಲಾತಿಯ ಹಕ್ಕೇ ಅಲುಗುತ್ತದೆ. ಅವನ ಗೆಳೆಯರಲ್ಲಿ ಅಂಥವರಿದ್ದರೆ ಈ ಮಾತು ಅವರಿಗೂ ಮುಟ್ಟಲಿ.

ಜಾತ್ರೆಯ ಪ್ರಶ್ನೆ ಸುಲಭ. ಮೊದಲಿನ ಧರ್ಮ ಬಿಟ್ಟೇ ಬರಬೇಕೆಂದು ಆ ಟೆಕ್ಸಾಸಿನವರು ಕೇಳುವುದಿಲ್ಲ. ಬೇರೆ ಧರ್ಮದವರೂ ಅಲ್ಲಿ ಸದಸ್ಯರು. ತೇರಿನ ಹಗ್ಗಕ್ಕೆ ಕೈ ಹಾಕಬೇಡ ಎಂದು ಅವರ 21 ಸೂತ್ರಗಳಲ್ಲಿ ಎಲ್ಲೂ ಇಲ್ಲ. ಬರಲ್ಲ ಅಂದರೆ ಅದು ಜೆಡೈ ಧರ್ಮದ ಮಾತಲ್ಲ, ನಿಮ್ಮ ಹುಡುಗನದೇ. ಕಾರಣ ಅವನನ್ನೇ ಕೇಳಿ.

— ಸಂಪಾದಕರು